ಬೆದರುಗೊಂಬೆಗೆ ಬಂದ ಆಯೇರಿ

ನನ್ನ ರಂಗಜೀವನ ಎಂಬತ್ತರ ದಶಕದ ಒಂದು ಮಧ್ಯಾಹ್ನ ಆರಂಭವಾಗಿ ಅಂದೇ ಸಂಜೆ ಮುಗಿಯಿತು. ಶಲವಡಿ ಸೀಮೆಯ ನಮ್ಮೂರ ಶಾಲೆಯ ಅಂಗಳದಲ್ಲಿ ಮಕ್ಕಳ ನಾಟಕ. ಜೋಳ, ಹತ್ತಿ, ಮೆಣಸಿನಕಾಯಿ ಮೂವರೂ 'ನಾ ಹೆಚ್ಚು, ನಾ ಹೆಚ್ಚು' ಎಂದು ಜಗಳಾಡುತ್ತಾರೆ. ಕೊನೆಗೆ ಹೊಲದ ಬೆದರುಗೊಂಬೆ ಬಾಯಿಬಿಟ್ಟು ಎಲ್ಲರ ಸೊಕ್ಕು ಇಳಿಸುತ್ತದೆ. ಆ ಬೆದರುಗೊಂಬೆ ನಾನು. ಇದ್ದದ್ದು ಒಂದೇ ಮಾತು: "ನಾ ಇಲ್ಲಿ ನಿಂತೀನಂತ ನೀವು ಉಳದೀರಿ. ಇಲ್ಲಂದ್ರ ಗುಬ್ಬಿ ಪಾಲು!" ಹದಿನೈದು ದಿನ ಅದನ್ನು ನಮ್ಮ ಎಮ್ಮೆಯೆದುರು ಒಪ್ಪಿಸಿದ್ದೆ. ಎಮ್ಮೆ ಆಕ್ಷೇಪಣೆ ಎತ್ತಿರಲಿಲ್ಲ.

ವೇಷಭೂಷಣ ಖಾತೆ ಟೇಲರ್ ಕಾಕಾನದು. ಊರವರ ಅಂಗಿ ಹೊಲಿದು ಉಳಿದ ತುಂಡುಗಳಿಂದಲೇ ಬೆಳೆಗಳನ್ನೆಲ್ಲ ಸಿಂಗರಿಸಿದ್ದ. ನನಗೆ ಮಾತ್ರ ಏನೂ ಹೊಲಿಯಲಿಲ್ಲ. "ನಿನ್ನ ದಿನದ ಅಂಗೀನ ಸಾಕಲೇ, ಅಗದಿ ಹೊಂದತೈತಿ," ಎಂದ. ಪರದೆ ಖಾತೆಗೆ ಗರಡಿಮನೆಯ ಇಬ್ಬರು ಪೈಲ್ವಾನರು. ಪರದೆ ಎಂದರೆ ಯಾರದೋ ಮನೆಯ ನವಲಗುಂದದ ಜಮಖಾನ. ಹಾಸಲಿಕ್ಕೆ ನೇಯ್ದದ್ದನ್ನು ನಾವು ನೇತುಹಾಕಿದ್ದೆವು. ಅದನ್ನು ಏರಿಸುವುದೆಂದರೆ ಬಾವಿಗೆ ಬಿದ್ದ ಎತ್ತನ್ನು ಎಳೆದಂತೆ.

ನಾನು ಎರಡೂ ಕೈ ಚಾಚಿ ನಿಂತೆ. ಜೋಳ ಎರಡು ಮಾತಾಡಿದ್ದೇ ತಡ, ಅವನ ಸೋದರಮಾವ ಟಾವೆಲ್ ಹಿಡಿದು ರಂಗವೇರಿದ. ನಮ್ಮ ಕಡೆ ನಾಟಕವೆಂದ ಮೇಲೆ ಆಯೇರಿ ಇರಲೇಬೇಕು: ನೆಂಟರು ಆಟ ನಿಲ್ಲಿಸಿ, ತಮ್ಮ ಹುಡುಗನಿಗೆ ಬಟ್ಟೆ ಕೊಟ್ಟು, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಿಸಿದ ಮೇಲೆಯೇ ಕಥೆ ಮುಂದುವರಿಯುವುದು. ಹೆಡ್‌ಮಾಸ್ತರರು ಕೂಗಿದರು. ಟಾವೆಲ್ ಎಲ್ಲಿಡಬೇಕು? ಸೋದರಮಾವ ಸುತ್ತ ನೋಡಿ, ಚಾಚಿದ ನನ್ನ ತೋಳಿನ ಮೇಲೆ ಹಾಕಿ ಇಳಿದುಹೋದ.

ಆಮೇಲೆ ಎಲ್ಲರಿಗೂ ದಾರಿ ತಿಳಿಯಿತು. ಹತ್ತಿಗೆ ಧೋತರ, ಮೆಣಸಿನಕಾಯಿಗೆ ಕುಪ್ಪಸದ ಖಣ, ಎಲ್ಲವೂ ನನ್ನ ಮೇಲೆ. "ಕೈ ಇಳಸಬ್ಯಾಡಲೇ, ಮಣ್ಣಾಗತಾವು!" ಎಂದು ಗದರಿಸಿದ ಅಜ್ಜಿಯೊಬ್ಬಳು ತಲೆಯ ಮೇಲೂ ಒಂದು ಶಾಲು ಹೊದಿಸಿದಳು. ಜಗಳ ಮುಗಿದಾಗ ರಂಗದ ಮೇಲೆ ಬೆದರುಗೊಂಬೆ ಇರಲಿಲ್ಲ, ಬಟ್ಟೆ ಅಂಗಡಿ ಇತ್ತು. ಅದರೊಳಗೆ ನಾನು ನನ್ನ ಮಾತಿಗಾಗಿ ಉಸಿರು ತುಂಬಿಕೊಳ್ಳುತ್ತಿದ್ದೆ. ಯಾರೂ ಮಾತಾಡದ್ದು ಕಂಡು ಪೈಲ್ವಾನರು ಆಟ ಮುಗಿಯಿತೆಂದು ಹಗ್ಗ ಬಿಟ್ಟರು. ಜಮಖಾನ ಧೊಪ್ಪೆಂದು ಬಿತ್ತು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ನಾನು ಶಾಲಿನೊಳಗೇ ಅಳತೊಡಗಿದೆ.

"ಎತ್ತರಲೇ ಪರದೆ! ಹುಡುಗನ ಮಾತು ಒಳಗ ಉಳದೈತಿ," ಎಂದು ಟೇಲರ್ ಕಾಕಾ ಕೂಗಿದ.

"ಒಂದು ಮಾತಿಗೆ ಇದನ್ನ ಎತ್ತಬೇಕೇನು ಕಾಕಾ? ನಾಳೆ ಸಾಲ್ಯಾಗ ಹೇಳ್ತಾನ ತಗೋ," ಎಂದ ಹಿರಿಯ ಪೈಲ್ವಾನ.

"ದಿನಾ ಬಸ್ಕಿ ಹೊಡೀತಿ, ಯಾತಕ್ಕಲೇ? ಬರೇ ಹಾಲು ಕುಡಿಯಾಕ?"

ಕಿರಿಯ ಪೈಲ್ವಾನ ನಕ್ಕು ಹಗ್ಗ ಹಿಡಿದ. ಹಿರಿಯನು ಮೀಸೆಯ ಮರ್ಯಾದೆಗಾಗಿ ಹಿಡಿದ. ಜಮಖಾನ ನರಳುತ್ತ ಏರಿತು. ಕಾಕಾ ನನ್ನ ಮುಖದ ಮೇಲಿನ ಶಾಲು ಸರಿಸಿ, ಮೂಗು ಒರೆಸಿ, ಬಾಜು ಸರಿದ.

ಹೇಳಿದೆ. ಚಪ್ಪಲಿ ಸಿಕ್ಕವರೂ ತಿರುಗಿ ಕುಳಿತು ನಕ್ಕರು.

ವಂದನಾರ್ಪಣೆಯಲ್ಲಿ ಹೆಡ್‌ಮಾಸ್ತರರು ಪಂಚಾಯತಿಯವರನ್ನು, ಮೈಕಿನವನನ್ನು, ಮಳೆ ತಡೆದ ದೇವರನ್ನೂ ನೆನೆದರು. ಹಗ್ಗ ಹಿಡಿದವರನ್ನು, ಸೂಜಿ ಹಿಡಿದವನನ್ನು ಮರೆತರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸುಮ್ಮನೆ ನಿಲ್ಲುವ ಪಾತ್ರಕ್ಕೆಂಥ ಆಯೇರಿ ಎಂದು ನಮ್ಮ ಮನೆಯವರು ಏನೂ ತಂದಿರಲಿಲ್ಲ. ಕಾಕಾ ತನ್ನ ಕೊರಳಿನ ಅಳತೆಯ ಟೇಪು ತೆಗೆದು ನನ್ನ ಕೊರಳಿಗೆ ಹಾಕಿದ. ಅದನ್ನೂ ಮೈಕಿನಲ್ಲಿ ಕೂಗಿಸಿದ. ಮರುದಿನ ಬೆಳಿಗ್ಗೆ ಮನೆಗೆ ಬಂದು ವಾಪಸು ಒಯ್ದ. ಗಿರಾಕಿ ಕಾಯುತ್ತಿದ್ದರಂತೆ.