ಏಳನೆಯ ಅಧ್ಯಾಯದ ತಿಪ್ಪೆ

"ನಾಲ್ಕನೇ ಕ್ಲಾಸು ಓದಿದವರಿಗೆ ಕಾದಂಬರಿ ಏನ್ರೀ ಗೊತ್ತಾಗುತ್ತೆ?"

ಕಾಲೇಜಿನ ಕನ್ನಡ ಮಾಸ್ತರು ಹತ್ತು ಮಂದಿಯ ಎದುರು ಅಂದ ಈ ಮಾತು ಗ್ಯಾನಪ್ಪನಿಗೆ ಇವತ್ತಿಗೂ ಅಂಗಿಯೊಳಗೆ ಹೊಕ್ಕ ಜೋಳದ ಸುಂಕಿನಂತೆ ಚುಚ್ಚುತ್ತದೆ. ಅಂದವರು ಮರೆತಿರಬೇಕು. ಅನ್ನಿಸಿಕೊಂಡವ ಮರೆಯುವುದುಂಟೆ?

ಗ್ಯಾನಪ್ಪನದು ಕೊಪ್ಪಳದ ಗಡಿಯಾರ ಕಂಬದ ಹತ್ತಿರ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ. ಸಿಟ್ಟು ಮೂಗಿನ ತುದಿಯಲ್ಲಿ, ಆದರೆ ಕೆಲಸ ಅಚ್ಚುಕಟ್ಟು. ಹುಳ ಹತ್ತಬಾರದೆಂದು ಅಂಟಿನ ಗಂಜಿಗೆ ಮೈಲುತುತ್ತ ಕಲಸುವುದನ್ನು ಒಂದು ದಿನವೂ ಮರೆತವನಲ್ಲ. ಎಂಬತ್ತಮೂರರಲ್ಲಿ ಕಾಲೇಜಿನಿಂದ ಬೆನ್ನು ಕಿತ್ತುಹೋದ ಒಂದು ಕಾದಂಬರಿ ಬಂತು. ಹೊಸ ನಮೂನೆಯದು. ಪುಟಕ್ಕೆ ಅಂಕಿಯೇ ಇಲ್ಲ. ಅಧ್ಯಾಯಕ್ಕೆ ಅಂಕಿ ಉಂಟು, ಅದೂ ಮೊದಲು ಏಳು, ಆಮೇಲೆ ಎರಡು, ಕಟ್ಟಕಡೆಗೆ ಆರು. ನಡುವೆ ಬರೆದವನೇ ಬಂದು, 'ಈ ತಾಯಿ ಯಾಕೆ ಹೀಗೆ ಮಾಡಿದಳೋ ನನಗೂ ತಿಳಿಯದು' ಎಂದು ಹೇಳಿ ಹೋಗುತ್ತಾನೆ. "ಪ್ರೆಸ್ಸಿನವ್ರು ಕುಡದು ಜೋಡಿಸ್ಯಾರ" ಎಂದು ಬೈದ ಗ್ಯಾನಪ್ಪ ಹಾಳೆ ಬಿಡಿಸಿ, ಓದಿ ನೋಡಿ, ಒಂದರಿಂದ ಹನ್ನೆರಡರ ತನಕ ಸಾಲಾಗಿ ಹೊಂದಿಸಿ ಹೊಲಿದುಬಿಟ್ಟ.

ಮಾಸ್ತರು ಮೈಸೂರು ಕಡೆಯವರು. ಪುಸ್ತಕ ತೆರೆದವರೇ ಹೌಹಾರಿದರು. "ಲೇಖಕರು ಬೇಕೂಂತಲೇ ಹಾಗಿಟ್ಟಿದ್ದು ಕಣ್ರೀ! ಮನುಷ್ಯನ ನೆನಪು ಒಂದು, ಎರಡು, ಮೂರು ಅಂತ ಸಾಲಾಗಿ ಬರುತ್ತೇನ್ರೀ?" ಅದರ ಬೆನ್ನಿಗೆ ಆ ನಾಲ್ಕನೇ ಕ್ಲಾಸಿನ ಮಾತು. ಮಗಳು ಫಕೀರಮ್ಮ ಅದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಅದಕ್ಕೇ ಗ್ಯಾನಪ್ಪ ನಾಲಿಗೆ ಕಚ್ಚಿಕೊಂಡು, ಬಿಚ್ಚಿ ಮತ್ತೆ ಹೊಲಿಯಲೆಂದು ಪುಸ್ತಕ ತಿರುಗಿ ತಂದ.

ವಾರ ಕಳೆಯುವುದರೊಳಗೆ ಫಕೀರಮ್ಮ ಚೀಲ ಮೂಲೆಗೆಸೆದಳು. "ನಾ ಇನ್ನ ಕಾಲೇಜಿಗೆ ಹೋಗಂಗಿಲ್ಲಪ್ಪ. ಪರೀಕ್ಷಾನೂ ಬ್ಯಾಡ."

ಆಗಿದ್ದಿಷ್ಟು. ಆ ಕಾದಂಬರಿಯ ಏಳನೆಯ ಅಧ್ಯಾಯದಲ್ಲಿ ಹೆತ್ತ ತಾಯಿ ಹಸುಗೂಸನ್ನು ತಿಪ್ಪೆಯ ಮೇಲೆ ಇಟ್ಟು ಬರುತ್ತಾಳೆ. ಅವಳ ಮನಸ್ಸಿನ ತಳದಲ್ಲಿ ಕೂಸಿನ ಮೇಲೆ ದ್ವೇಷವಿದೆ, ಅದೊಂದು ರೋಗ ಎಂದು ಮಾಸ್ತರು ತಮ್ಮ ಪ್ರತಿ ಹಿಡಿದು ಪಾಠ ಮಾಡಿದ್ದರು. ಹಿಂದಿನ ಬೆಂಚಿನವನೊಬ್ಬ, "ಏನ್ ಫಕೀರವ್ವಾ, ನಿಮ್ಮವ್ವಗೂ ಅದ ರೋಗ ಇತ್ತೇನು?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಫಕೀರಮ್ಮನೂ ತಿಪ್ಪೆಯಿಂದ ಬಂದ ಕೂಸೆಂದು ಓಣಿಗೆಲ್ಲ ಗೊತ್ತು.

ಒಲೆಯ ಮುಂದಿದ್ದ ಹೆಂಡತಿ ಹಂಪವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ನಾ ನಿನ್ನ ದ್ವೇಷ ಮಾಡಿದೆನೇನ, ಮಗಳ?"

ಮಗಳು ಎದ್ದು ಹಿತ್ತಲಿಗೆ ಹೋದಳು.

ಗ್ಯಾನಪ್ಪ ಪುಸ್ತಕ ಬಗಲಿಗಿಟ್ಟು, ಬಾಜೂಮನೆಯಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಮೈಮುನಬಿಯನ್ನು ಕರೆದುಕೊಂಡು ಕಾಲೇಜಿಗೆ ನುಗ್ಗಿದ.

"ಸರ, ಆರನೇ ಅಧ್ಯಾಯ ಓದೀರೇನ್ರಿ?"

"ಓದದೇ ಪಾಠ ಮಾಡ್ತೀನಾ?"

"ಅದರಾಗ ಮೂರು ಸಣ್ಣ ಗುಂಡಿ ಅಗದದ್ದು ಐತಿ. ಆ ತಾಯಿದು ಮೂರು ಕೂಸು ಸತ್ತಾವ್ರಿ. ಇದು ನಾಕನೇದು. ನೀವು ಏಳು ಮೊದಲು ಓದಿದ್ರಿ, ಆರು ಕಡೀಗೆ ಓದಿದ್ರಿ, ಎರಡನ್ನೂ ಕೂಡಿಸಲೇ ಇಲ್ಲ. ನಮ್ಮ ಮನ್ಯಾಗೂ ಹಂಗ ಆಗಿತ್ತು. ಮುದ್ದು ಮಾಡೂ ಕೂಸಿನ ಮ್ಯಾಲ ಸಾವಿನ ಕಣ್ಣು ಬೀಳತೈತ್ರಿ. ಇದು ಯಾರಿಗೂ ಬ್ಯಾಡಾದ ಕೂಸು ಅಂತ ಅದಕ್ಕ ತೋರಸಾಕ ತಿಪ್ಪಿ ಮ್ಯಾಲ ಇಡ್ತಾರ. ಬ್ಯಾರೇದವ್ರು ಎತಗೊಂತಾರ. ಹಡದಾಕಿ ಒಂದು ಮೊರ ತೌಡು ಕೊಟ್ಟು ಕೊಂಡಕೊಂತಾಳ. ನಾವು ಮೊಹರಮ್ಮಿನ ಅಲಾಯಿ ದೇವರಿಗೆ ಹರಕಿ ಹೊತ್ತು ಫಕೀರಮ್ಮ ಅಂತ ಹೆಸರಿಟ್ವಿ."

"ಎತಗೊಂಡಾಕಿ ನಾನ್ರಿ!" ಮೈಮುನಬಿ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಈತನ ಹೇಣ್ತಿ ತಿಪ್ಪಿ ಮ್ಯಾಲ ತನ್ನ ಮದುವಿ ಸೀರಿ ಹಾಸಿದ್ಲು. ನಾಯಿ ಬಂದಾವು ಅಂತ ಬಾಗಲ ಸಂದ್ಯಾಗ ಒನಕಿ ಹಿಡಕೊಂಡು ನಿಂತಿದ್ಲು. ನಾ ನಾಕು ಹೆಜ್ಜಿ ತಡಾ ಮಾಡಿದ್ರ ಆ ಒನಕಿ ನನ್ನ ತಲಿಗೇ ಬೀಳ್ತಿತ್ತು. ದ್ವೇಷ ಅಂತ, ದ್ವೇಷ!"

ಮಾಸ್ತರು ಪುಸ್ತಕ ಇಸಿದುಕೊಂಡರು. ಗ್ಯಾನಪ್ಪ ಅದನ್ನಿನ್ನೂ ಬಿಚ್ಚಿರಲಿಲ್ಲ. ಆರರ ಬೆನ್ನಿಗೇ ಏಳು. ನಿಂತಲ್ಲೇ ಎರಡನ್ನೂ ಓದಿದರು. ಓದಿ ಕನ್ನಡಕ ತೆಗೆದರು.

ಮರುದಿನ ಮುಂಜಾನೆ ಓಣಿ ಹುಡುಕಿಕೊಂಡು ಅವರೇ ಬಂದರು. "ತಪ್ಪು ಹೇಳಿಬಿಟ್ಟೆ, ತಾಯಿ. ಇವತ್ತು ಕ್ಲಾಸಲ್ಲಿ ಎಲ್ಲರ ಮುಂದೆ ಸರಿಯಾಗಿ ಹೇಳ್ತೀನಿ. ಮಗಳನ್ನ ಕಳಿಸಿ."

"ಮೊದಲು ರೊಟ್ಟಿ ತಿನ್ರಿ," ಎಂದಳು ಹಂಪವ್ವ.

ಫಕೀರಮ್ಮ ಮೂಲೆಯಲ್ಲಿದ್ದ ಚೀಲ ಎತ್ತಿಕೊಂಡಳು. ಮೈಮುನಬಿ ಕಾಲೇಜಿನಲ್ಲಿ ಆಡಿದ್ದೆಲ್ಲ ರಾತ್ರಿಯೇ ಅವಳ ಕಿವಿಗೆ ಬಿದ್ದಿತ್ತು. ಹೊಸ್ತಿಲಲ್ಲಿ ನಿಂತು ತಿರುಗಿ ಅವ್ವನನ್ನು ಕೇಳಿದಳು: "ಯಾವ ಸೀರಿ ಬೇ?"

"ಹಸರ ಅಂಚಿಂದು. ಟ್ರಂಕಿನ್ಯಾಗ ಐತಿ. ಸಗಣಿ ಕಲಿ ಇನ್ನೂ ಹೋಗಿಲ್ಲ ನೋಡು."

ಮಾಸ್ತರು ಹೇಳಿದಂತೆಯೇ ಕ್ಲಾಸಿನಲ್ಲಿ ನಡೆದುಕೊಂಡರು. ಆದರೆ ನಾಲ್ಕನೇ ಕ್ಲಾಸಿನ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ಗ್ಯಾನಪ್ಪನೇನು ಕಡಿಮೆಯೆ? ಬರೆದವನು ಇಟ್ಟಂತೆ ಏಳನ್ನೇ ಮೊದಲು ಮಾಡಿ ಹೊಲಿದುಕೊಟ್ಟ. ಆ ಏಳರ ಕೊನೆಯಲ್ಲಿ ಒಂದು ಚೀಟಿ ಅಂಟಿಸಿದ: 'ಆರು ಓದಿ ಆಮ್ಯಾಲೆ ಮಾತಾಡ್ರಿ.'

ಎಂಬತ್ತೇಳರಲ್ಲಿ ಫಕೀರಮ್ಮನಿಗೆ ಕುಷ್ಟಗಿಯಲ್ಲಿ ಸಾಲಿ ಮಾಸ್ತರಿಕೆ ಸಿಕ್ಕಿತು. ಹೊರಡುವ ದಿನ ಹಂಪವ್ವ ಅರ್ಧ ಮೊರ ತೌಡು ಹೊತ್ತು ಮೈಮುನಬಿಯ ಮನೆಗೆ ಹೋದಳು. ಅಂದು ಕೂಸು ಕೊಳ್ಳುವಾಗ ಮನೆಯಲ್ಲಿದ್ದದ್ದೇ ಅರ್ಧ ಮೊರ, ಉಳಿದದ್ದು ಬಾಕಿ.

ಮೈಮುನಬಿ ಮೊರವನ್ನು ಹಿಂದಕ್ಕೆ ನೂಕಿದಳು. "ತಗೊಂಡು ನಡಿ ಅತ್ತಾಗ. ಎಲ್ಲಾ ತೀರಿಸಿದ್ರ ಆಕಿ ಪೂರಾ ನಿನ್ನಾಕಿ ಆಗ್ತಾಳ. ಸಾವಿಗೆ ಗೊತ್ತಾಗಬೇಕೇನು? ಅರ್ಧ ನಂದಿರಲಿ."

ಆ ಅರ್ಧ ಮೊರ ತೌಡು ಇನ್ನೂ ಬಾಕಿ ಐತಿ.