ಹಕ್ಕಿಯ ಹಿಂದಿನ ಹಸಿರು

ನನ್ನ ಸವತಿಯ ತೂಕ ಹತ್ತು ಗ್ರಾಮೂ ಇರಲಿಕ್ಕಿಲ್ಲ. ಗುಬ್ಬಿಗಿಂತ ಚಿಕ್ಕದು, ಎಲೆಯ ಬಣ್ಣ, ಒಂದು ಕಡೆ ಕೂತದ್ದಿಲ್ಲ. ಹೆಸರು ಉಲಿಯಕ್ಕಿ. ಚಳಿಗಾಲವನ್ನೆಲ್ಲ ನಮ್ಮ ಕಡೆ ಕಳೆದು, ಬಿಸಿಲು ಏರುತ್ತಿದ್ದಂತೆ ಹಿಮಾಲಯದ ಕಡೆ ಹಾರಿಬಿಡುತ್ತದೆ. ಅದು ಹೊರಡುವ ಮೊದಲು ಒಂದು ಒಳ್ಳೆಯ ಫೋಟೋ ಸಿಗಬೇಕೆಂದು ನನ್ನ ಗಂಡ ಮಾರ್ಚ್ ಬಂತೆಂದರೆ ಊಟ ನಿದ್ದೆ ಮರೆಯುತ್ತಿದ್ದರು.

ತೊಂಬತ್ತರ ದಶಕದ ಮಾತು. ಡೊಂಬಿವಲಿಯಲ್ಲಿ ನಮ್ಮ ಮನೆ. ಭಾನುವಾರ ನಸುಕಿನಲ್ಲೇ ರೈಲಿನಲ್ಲಿ ಕಲ್ಯಾಣ್‌ಗೆ ಹೋಗಿ, ಪನವೇಲಿನ ಎಸ್ಟಿ ಬಸ್ಸು ಹಿಡಿದು, ದಾರಿಯಲ್ಲಿಳಿದು ಖಾರಘರದ ಗುಡ್ಡದ ಕಡೆ ನಡೆಯುತ್ತಿದ್ದೆವು. ಡಬ್ಬಿ, ನೀರು, ಕ್ಯಾಮೆರಾದ ಸ್ಟ್ಯಾಂಡು ನನ್ನ ಹೆಗಲಿಗೆ. ಲೆನ್ಸ್ ಮಾತ್ರ ಅವರು ಯಾರ ಕೈಗೂ ಕೊಡುತ್ತಿರಲಿಲ್ಲ.

ಕ್ಯಾಮೆರಾಗೆ ಹೊಸ ಫಿಲ್ಮ್ ರೋಲು ಹಾಕಿದಾಗ ಮೊದಲ ಒಂದೆರಡು ಫ್ರೇಮು ಬೆಳಕು ತಾಗಿ ಹಾಳಾಗಿರುತ್ತವೆ. ಸುಮ್ಮನೆ ಹೊಡೆದು ಮುಂದೆ ಹೋಗಬೇಕು. ಆ ಹಾಳು ಫ್ರೇಮುಗಳಿಗೆ ನಾನು. ತೊಳೆದು ಬಂದಾಗ ನನ್ನದು ಅರ್ಧ ಮುಖ, ಉಳಿದರ್ಧ ಬೆಂಕಿ ಬಿದ್ದ ಹಾಗೆ ಕೆಂಪು. ಇಡೀ ಮುಖದ್ದೊಂದು ತೆಗೆಯಿರಿ ಎಂದರೆ ಬೆಳಕು ಸಾಲದು, ಇಲ್ಲವೇ ಬೆಳಕು ಹೆಚ್ಚು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು. ಸ್ಟುಡಿಯೋಗೆ ಹೋಗಬಹುದಿತ್ತು. ಮನೆಯಲ್ಲೇ ಮೊಳದುದ್ದದ ಲೆನ್ಸ್ ಇಟ್ಟುಕೊಂಡು ಸ್ಟುಡಿಯೋಗೆ ಯಾಕೆ ಹೋಗಲಿ? ಆ ಹಕ್ಕಿಯನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರಲ್ಲ, ಹಾಗೆ ಒಮ್ಮೆ ನನ್ನನ್ನು ನೋಡಬೇಕಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ವರ್ಷ ಹಟ ಹಿಡಿದೆ. ಕೊನೆಗೆ ಅವರು, "ಆಯ್ತು ಮಾರಾಯ್ತಿ, ಈ ಭಾನುವಾರ ಒಂದು ಫ್ರೇಮು ನಿಂಗೆ" ಎಂದರು. ಆ ದಿನ ಗಿಳಿಹಸಿರು ರೇಷ್ಮೆ ಸೀರೆ ಉಟ್ಟುಕೊಂಡೇ ಹೊರಟೆ. ಅವರ ಕಣ್ಣಿಗೆ ಹಿಡಿಸುವ ಬಣ್ಣ ಅದೊಂದೇ. ಬಸ್ಸಿನವರೆಲ್ಲ ಮದುವೆಗೆ ಹೊರಟವಳೆಂದು ಜಾಗ ಬಿಟ್ಟರು.

ಮಧ್ಯಾಹ್ನದವರೆಗೂ ಹಕ್ಕಿ ಕೈಗೆ ಸಿಗಲಿಲ್ಲ. ರೋಲಿನಲ್ಲಿ ನಾಲ್ಕೈದು ಫ್ರೇಮು ಉಳಿದಿದ್ದವು. ಹೂಬಿಟ್ಟ ಒಂದು ಪೊದೆಯ ಆಚೆ ನನ್ನನ್ನು ನಿಲ್ಲಿಸಿದರು. "ಹಂದಬೇಡ, ನಿಂತಲ್ಲೇ ಇರು" ಎಂದರು. ಲೆನ್ಸ್ ನನ್ನ ಕಡೆ ತಿರುಗಿತು. ನಾನು ಸೆರಗು ಸರಿಮಾಡಿಕೊಂಡು ನಕ್ಕೆ. ಅಷ್ಟರಲ್ಲಿ ಪೊದೆಯ ತುದಿಗೆ, ನನಗೂ ಅವರಿಗೂ ನಡುವೆ, ಅದು ಬಂದು ಕೂತಿತು.

ಲೆನ್ಸಿನ ಉಂಗುರದ ಮೇಲೆ ಅವರ ಬೆರಳು ತಿರುಗಿದ್ದು ಕಂಡಿತು. ಹತ್ತಿರಕ್ಕೆ ತಿರುಗಿಸಿದರೆ ದೂರದ್ದು ಕರಗುತ್ತದೆ. ಇಷ್ಟು ವರ್ಷ ಜೊತೆಗೆ ಅಲೆದವಳಿಗೆ ಅಷ್ಟು ಗೊತ್ತಿತ್ತು. ಕ್ಯಾಮೆರಾ ಒಂದರ ಹಿಂದೊಂದು ಸದ್ದು ಮಾಡಿತು. ನಾನು ಹಂದಲಿಲ್ಲ, ನಗುತ್ತಲೇ ಇದ್ದೆ. ರೋಲು ಮುಗಿಯಿತು. ಬರುವಾಗ ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ. ಅದೂ ಅವರಿಗೆ ತಿಳಿಯಲಿಲ್ಲ.

ಅವುಗಳಲ್ಲೊಂದು ಫೋಟೋ ಅವರು ಬಯಸಿದ ಹಾಗೇ ಬಂತು. ಹಕ್ಕಿಯ ಹುಬ್ಬಿನ ಬಿಳಿ ಗೆರೆ ಕೂಡ ಎದ್ದು ಕಾಣುತ್ತಿತ್ತು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾಲ್‌ನ ಗೋಡೆಗೆ ಮೊಳೆ ಹೊಡೆದರು. ವಿಷು ಹಬ್ಬದ ದಿನ ವಿಜಯಪುರದ ಕಡೆಯವರಾದ ನಮ್ಮ ಪಕ್ಕದ ಮನೆಯವರು ಊಟಕ್ಕೆ ಬಂದರು. ಫೋಟೋದ ಎದುರೇ ಕೂತು ತುಂಬಾ ಹೊತ್ತು ನೋಡಿದರು.

"ಹಕ್ಕಿ ಇರಲಿ ಬಿಡ್ರಿ, ಹಿಂದಿನ ಹಸರು ಏನ್ ಚಂದ ಬಂದೈತ್ರಿ. ಯಾವ ಗಿಡ ಅದು?"

ಇವರು ಕನ್ನಡಕ ಏರಿಸಿ ನೋಡಿದರು. "ಅದಾ? ಎಂತದೋ ಕಾಡುಮರ ಇರ್ಬೇಕು."

ಪಾಯಸದ ಲೋಟ ಹಿಡಿದು ನಾನು ಅವರಿಬ್ಬರ ಎದುರಿಗೇ ನಿಂತಿದ್ದೆ, ಅದೇ ಸೀರೆಯಲ್ಲಿ. ನಿಂತೇ ಇದ್ದೆ.

"ಸ್ವಲ್ಪ ಅತ್ಲಾಗಿ ನಿಲ್ಲು ಮಾರಾಯ್ತಿ," ಎಂದರು ಇವರು. "ಅವ್ರಿಗೆ ಹಕ್ಕಿ ಕಾಣುದಿಲ್ಲ."