ಒಂದೇ ಬೆಂಚು, ಒಂದೇ ಮಷೀನು

ಹಪ್ಪಳದ ಹಿಟ್ಟು ಕುಟ್ಟುತ್ತಿದ್ದೆ, ರೋಣದ ಲ್ಯಾಬಿನವನ ಫೋನು ಬಂತು. ಕೈಗೆಲ್ಲ ಎಣ್ಣೆ. ಮಗಳೇ ಫೋನನ್ನು ನನ್ನ ಕಿವಿಗೆ ಹಿಡಿದಳು.

“ಅಕ್ಕಾರ, ನಿಮ್ಮ ಮಗಳ ಮೂರು ತಿಂಗಳ ಸರಾಸರಿ ಸಕ್ಕರಿ ರಿಪೋರ್ಟ್ ನಂಬಬ್ಯಾಡ್ರಿ. ಆ ವಾರ ನಮ್ಮ ಮಷೀನ್ ಎಲ್ಲಾರಿಗೂ ಹೆಚ್ಚ ತೋರಿಸ್ಯದ. ಮತ್ತೊಮ್ಮೆ ರಕ್ತ ಕೊಡ್ರಿ, ರೊಕ್ಕ ಬ್ಯಾಡ.”

ಆ ರಿಪೋರ್ಟಿನಿಂದಲೇ ಮಗಳ ಸಂಬಂಧ ಮುರಿದಿತ್ತು. ನರಗುಂದದವರು ಬಂದು ನೋಡಿ ಒಪ್ಪಿದ್ದರು. ಮಗಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ನಿಶ್ಚಯದ ಮೊದಲು ಹುಡುಗಿಯ ರಕ್ತ ತೋರಿಸಬೇಕೆಂದು ಹುಡುಗನ ತಾಯಿ ಹಟ ಹಿಡಿದಳು. ಎರಡೂ ಊರಿಗೆ ನಡುವಾಗುತ್ತದೆಂದು ರೋಣಕ್ಕೆ ಹೋದೆವು. “ಹೆಂಗೂ ಬಂದೀನಿ, ನಂದೂ ನೋಡ್ರಿ” ಎಂದು ಆಕೆಯೂ ಮಗಳ ಪಕ್ಕದಲ್ಲೇ ಕೂತು ಕೈ ಚಾಚಿದಳು. ಇಬ್ಬರಿಗೂ ಸಕ್ಕರೆ ಕಾಯಿಲೆ ಎಂದು ಬಂತು. ಆಕೆ ಸುಮ್ಮನೆ ಗುಳಿಗೆ ನುಂಗಿದಳು. ನಮಗೆ ಮಾತ್ರ, “ಸಕ್ಕರಿ ಗೊಂಬಿ ನಮ್ಮ ಮನಿಗೆ ಬ್ಯಾಡ” ಎಂದು ಹೇಳಿ ಕಳಿಸಿದಳು. ಆ ಮಾತು ಗಜೇಂದ್ರಗಡದ ನಮ್ಮ ಓಣಿಗೂ ಮುಟ್ಟಿತು. ಪಕ್ಕದ ಮನೆಯವಳು ಹೋಳಿಗೆ ತಂದು, ಮಗಳ ಕೈಗೆ ಕೊಟ್ಟ ತಾಟನ್ನು, “ಅಯ್ಯ, ನಿನಗ ನಡಿಯೂದಿಲ್ಲಲ್ಲ” ಎಂದು ವಾಪಸು ಇಸಿದುಕೊಂಡಳು.

ಮರುದಿನ ರೋಣಕ್ಕೆ ಹೋದಾಗ ಲ್ಯಾಬಿನವನು ತಲೆ ತಗ್ಗಿಸಿಯೇ ಮಾತಾಡಿದ. “ದಿನಾ ಮುಂಜಾನಿ ಅಂಕಿ ಗೊತ್ತಿರೋ ರಕ್ತ ಹಾಕಿ ಮಷೀನ್ ಖರೇ ಹೇಳ್ತದೇನು ನೋಡಬೇಕ್ರಿ. ಆ ವಾರ ಹೆಚ್ಚ ಬಂತು. ಆ ರಕ್ತದ ಬಾಟ್ಲಿನ ಕೆಟ್ಟಿರಬೇಕು, ಮಷೀನ್ ಚಲೋ ಅದ ಅಂತ ತಿಳಕೊಂಡೆ. ಮುಂದ ಹೊರಗಿನವರು ಪರೀಕ್ಷಾಕ್ಕಂತ ಎಲ್ಲಾ ಲ್ಯಾಬಿಗೂ ಒಂದ ನಮೂನಿ ರಕ್ತ ಕಳಿಸಿದ್ರು. ಬ್ಯಾರೆಯವರದೆಲ್ಲ ಸರಿಹೊಂದಿತು, ನಮ್ಮದಷ್ಟ ಮ್ಯಾಲ.”

ಸಾರು ಉಪ್ಪಾದಾಗ ನಮ್ಮ ಮನೆಯಲ್ಲೂ ರುಚಿ ನೋಡಿದವರ ನಾಲಿಗೆಯೇ ಕೆಟ್ಟಿದೆ ಅನ್ನುತ್ತಾರೆ. ನಾನೇನು ಬೈಯಲಿ? ತಪ್ಪನ್ನು ಮುಚ್ಚಿಡದೆ ತಾನಾಗಿ ಫೋನು ಮಾಡಿದನಲ್ಲ, ಅದೊಂದು ದೇವರ ಉಪಕಾರ. ಮಗಳ ರಕ್ತವನ್ನು ಸರಿಮಾಡಿಸಿದ ಮಷೀನಿನಲ್ಲಿ ಮತ್ತೆ ನೋಡಿ, ಗದಗಿನ ಇನ್ನೊಂದು ಲ್ಯಾಬಿಗೂ ಕಳಿಸಿದ. ಎರಡೂ ಕಡೆ ಏನೂ ಇಲ್ಲವೆಂದು ಬಂತು. ಅದು ಎರಡನೆಯ ಉಪಕಾರ.

ದೇವರ ಮುಂದೆ ದೀಪ ಹಚ್ಚಿ ನರಗುಂದಕ್ಕೆ ಫೋನು ಮಾಡಿದೆ. ಹುಡುಗನ ತಾಯಿ ಖುಷಿಯಲ್ಲಿದ್ದಳು.

“ನನಗೂ ಲ್ಯಾಬಿನಾಂವ ಹೇಳಿದ್ರಿ. ಮತ್ತ ತೋರಿಸಿದ್ವಿ, ಏನೂ ಇಲ್ಲ. ಗುಳಿಗಿ ತಿಪ್ಪಿಗೆ ಒಗದೆ. ಇವತ್ತ ಎರಡ ಬಟ್ಟಲ ಸಿಹಿ ಮಾದಲಿ ತಿಂದೀನಿ.”

“ಹಂಗಾರ ನಮ್ಮ ಹುಡುಗೀದೂ ಸುಳ್ಳ ಆತಲ್ರಿ.”

“ಇರಬಹುದ್ರಿ. ಆದ್ರ ನನ್ನನ್ನ ಯಾರು ಲಗ್ನ ಆಗಬೇಕಾಗ್ಯದ? ನಿಮ್ಮ ಹುಡುಗಿ ಹೆಸರ ಹತ್ತ ಮಂದಿ ಬಾಯಾಗ ಹೋಗ್ಯದ. ಒಬ್ಬೊಬ್ಬರಿಗೂ ಕಾಗದ ತೋರಿಸಿಕೋತ ಅಡ್ಡಾಡ್ಲೇನು ನಾನು?”

“ಹತ್ತ ಮಂದಿಗೆ ಹೇಳಿದವರು ಯಾರ್ರಿ?”

“ಒಲಿ ಮ್ಯಾಲ ಹಾಲ ಅದ, ಇಡ್ತೀನ್ರಿ.”

ಮಗಳು ಬಾಗಿಲಲ್ಲೇ ನಿಂತಿದ್ದಳು. “ಏನಂದ್ರವ್ವ?”

“ಒಲ್ಲೆ ಅಂದ್ರು.”

“ಏನೂ ಇಲ್ಲ ಅಂತ ಹೇಳಿದ್ರೂ?”

“ಹೇಳಿದ್ರೂ.”

ಅವಳು ಅಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಹೊರಗೆ ನಳಕ್ಕೆ ನೀರು ಬಂದಿತ್ತು. ಕೊಡ ತಿಕ್ಕಿ ನಳಕ್ಕೆ ಹಚ್ಚಿದೆ.